ಅಧ್ಯಕ್ಷರ ಬಿಕ್ಕಳಿಕೆ

ಬೇರೆಯವರಿಗೆ ಹೇಳಬೇಕಾದ ಮಾತನ್ನು ಹೇಳದೆ ಇಟ್ಟುಕೊಂಡವರಿಗೆ ನಮ್ಮ ಊರಿನಲ್ಲಿ ಬಿಕ್ಕಳಿಕೆ ಬರುತ್ತದೆ. ಮೆಣಸಿನಕಾಯಿ ಕಡಿದಾಗ ಬರುವುದು ಬೇರೆ. ಅದು ನೀರು ಕುಡಿದರೆ ನಿಲ್ಲುತ್ತದೆ. ಗುಟ್ಟಿನದು ಹಾಗಲ್ಲ. ಒಳಗಿನ ಮಾತು ಹೊರಗೆ ಬೀಳುವ ತನಕ ಅದು ಬಿಡುವುದಿಲ್ಲ. ಇಟ್ಟುಕೊಂಡವರೇ ಬಾಯಿ ಬಿಡಬೇಕೆಂದೂ ಇಲ್ಲ. ಎದುರಿಗೆ ಕೂತವರು ಊಹಿಸಿ ಸರಿಯಾಗಿ ಹೇಳಿಬಿಟ್ಟರೂ ಸಾಕು. ಮಕ್ಕಳಿಗೆ ಈ ಚಿಕಿತ್ಸೆಯೇ ನಡೆಯುತ್ತದೆ. ಮಗು ಬಿಕ್ಕಳಿಸಿದರೆ ಮನೆಯವರು ಸುತ್ತ ಕೂತು, ಬೆಲ್ಲ ಕದ್ದೆಯಾ, ಬಳಪ ನುಂಗಿದೆಯಾ, ಅಜ್ಜನ ಕನ್ನಡಕ ಬಾವಿಗೆ ಹಾಕಿದೆಯಾ ಎಂದು ಒಂದೊಂದೇ ಕೇಳುತ್ತಾ ಹೋಗುತ್ತಾರೆ. ಎಲ್ಲಿ ನಿಂತಿತೋ ಅಲ್ಲಿ ಬೆನ್ನಿಗೊಂದು ಬೀಳುತ್ತದೆ.

ದೊಡ್ಡವರ ಮುಂದೆ ಮಾತ್ರ ಯಾರೂ ಊಹಿಸುವುದಿಲ್ಲ. ಅದು ನಮ್ಮ ಮರ್ಯಾದೆ. ಹೊಸದಾಗಿ ಮದುವೆಯಾದ ಹುಡುಗಿ ಹಪ್ಪಳ ಒಣಗಿಸುತ್ತಾ ಬಿಕ್ಕಳಿಸಿದರೆ ಅತ್ತಿಗೆಯರು ಆಕಾಶ ನೋಡುತ್ತಾರೆ. ಹೆಂಡತಿಯ ಪಕ್ಕ ನಡೆಯುತ್ತಾ ಗಂಡ ಬಿಕ್ಕಳಿಸಿದರೆ ಎದುರಿಗೆ ಬಂದವರು ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ. ಇಸ್ಪೀಟು ನಮ್ಮಲ್ಲಿ ಆಡುವುದಿಲ್ಲ, ಆಡಿದರೂ ಸ್ವಾರಸ್ಯವಿರುವುದಿಲ್ಲ. ಮದುವೆಯ ದಲ್ಲಾಳಿಗಳು ಮಾತುಕತೆಗೆ ಹೊಳೆಯ ಸೇತುವೆಯ ಆಚೆಗೆ ಹೋಗುತ್ತಾರೆ, ಏಕೆಂದರೆ ಸೇತುವೆ ದಾಟಿದರೆ ಬಿಕ್ಕಳಿಕೆ ಇಲ್ಲ. ವರನ ವಯಸ್ಸನ್ನು ಅಲ್ಲಿಯೇ ಹೇಳಿ ಮುಗಿಸಿಬಿಡುವುದು ಎಲ್ಲರಿಗೂ ಅನುಕೂಲ.

ಇಂಥ ಊರಿಗೆ ಶ್ರೀ ಗಿರಿಗರ್ಭ ಖನಿಜ ಶೋಧನಾ ಕಂಪನಿ ಬಂದದ್ದು ಅದರ ಧೈರ್ಯವೋ ದಡ್ಡತನವೋ ನನಗೆ ಇಂದಿಗೂ ಬಗೆಹರಿದಿಲ್ಲ. ಊರ ಹಿಂದಿನ ಬೋಳುಗುಡ್ಡದಲ್ಲಿ ತಾಮ್ರ ಇರಬಹುದೆಂದು ಕಂಪನಿ ಕೊರೆಯಲು ತೊಡಗಿತು. ಕೊರೆಯಲು ಹಣ ಬೇಕು. ಹಣಕ್ಕೆ ಷೇರು ಮಾರಬೇಕು. ಷೇರು ಮಾರಿದ ಮೇಲೆ ಕೊಂಡವರಿಗೆ ಆಗಾಗ ಏನಾದರೂ ಹೇಳುತ್ತಿರಬೇಕು. ಅದಕ್ಕಾಗಿ ಪ್ರಕಟಣಾ ಮಂಡಳಿ ಎಂಬ ಕಚೇರಿ ಹುಟ್ಟಿತು. ಕಂಪನಿಯಲ್ಲಿ ನಡೆದದ್ದನ್ನೆಲ್ಲ ಪ್ರತಿ ಶುಕ್ರವಾರ ಅಂಚೆಕಚೇರಿಯ ಮುಂದಿನ ಅರಳಿಕಟ್ಟೆಯ ಮೇಲೆ ನಿಂತು ಓದಿ ಹೇಳಬೇಕೆಂದು ಅದು ನಿಯಮ ಮಾಡಿತು. ಕಂಪನಿಯ ಅಧ್ಯಕ್ಷರಾದವರು ಊರಿನಲ್ಲೇ ವಾಸವಿರಬೇಕು, ಸೇತುವೆ ದಾಟಬಾರದು ಎಂದೂ ಮಾಡಿತು. ಮತ್ತು, ಕಂಪನಿಯ ಅಧಿಕಾರಿಗಳ ಕಿವಿಗೆ ಬೀಳುವಂತೆ ಯಾರೂ ಊಹಿಸಕೂಡದು. ಹಾಗೆ ಊಹಿಸಿದವರು ಉಳಿದವರಿಗಿಂತ ಮೊದಲೇ ತಿಳಿದುಕೊಂಡಂತಾಗುತ್ತದೆ, ಆದ್ದರಿಂದ ಅದು ಅಪರಾಧ. ಮೊದಲು ಮರ್ಯಾದೆಯಾಗಿದ್ದದ್ದು ಹೀಗೆ ಕಾನೂನಾಯಿತು.

ಶುಕ್ರವಾರದ ಓದು ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟರಾಗಿ ನಿವೃತ್ತನಾದವನು, ಉಚ್ಚಾರಣೆ ಸ್ಪಷ್ಟವಾಗಿದೆ, ಕುತೂಹಲ ಅಷ್ಟಾಗಿ ಇಲ್ಲ ಎಂದು ಆರಿಸಿದರು. ಕಟ್ಟೆಯ ಮೆಟ್ಟಿಲು ಹತ್ತುವಾಗಲೇ ಕಾಗದ ಕೈಗೆ ಕೊಡುತ್ತಿದ್ದರು. ಮೊದಲೇ ಕೊಟ್ಟರೆ ನಾನು ದಾರಿಯುದ್ದಕ್ಕೂ ಬಿಕ್ಕಳಿಸಿಕೊಂಡು ಬರುತ್ತಿದ್ದೆ, ಬೆಲೆ ಏರಿಬಿಡುತ್ತಿತ್ತು. 'ಪೂರ್ವ ಇಳಿಜಾರಿನ ಫಲಿತಾಂಶಗಳು ಪ್ರೋತ್ಸಾಹದಾಯಕವಾಗಿವೆ' ಎಂದು ಓದುತ್ತಿದ್ದೆ. ಇನ್ನೊಂದು ವಾರ, 'ಪಶ್ಚಿಮ ಇಳಿಜಾರು ಇನ್ನಷ್ಟು ಗಮನಕ್ಕೆ ಅರ್ಹವಾಗಿದೆ.' ಇಂಥ ವಾಕ್ಯಗಳನ್ನು ನಾನೂ ಮಕ್ಕಳ ಪ್ರಗತಿಪತ್ರದಲ್ಲಿ ಬರೆದವನು. ಎಂಥ ಮಕ್ಕಳಿಗೆ ಬರೆಯುತ್ತಿದ್ದೆ ಎಂಬುದೂ ನೆನಪಿದೆ.

ನನ್ನ ಓದಿಗಿಂತ ಅಧ್ಯಕ್ಷರ ಗಂಟಲಿಗೆ ಊರು ಹೆಚ್ಚು ಕಿವಿಗೊಟ್ಟಿತ್ತು ಎಂಬುದನ್ನು ಒಪ್ಪಬೇಕು. ಅಧ್ಯಕ್ಷ ತ್ರಿಯಂಬಕರಾಯರು ದುಂಡನೆಯ, ಮೃದು ಮಾತಿನ ಮನುಷ್ಯ. ಬೆಳಿಗ್ಗೆ ಕೊಡೆ ಹಿಡಿದು ವಾಯುವಿಹಾರಕ್ಕೆ ಹೊರಟರೆ ಹಿಂದೆ ಸ್ವಲ್ಪ ದೂರ ಬಿಟ್ಟು ಹತ್ತಾರು ಜನ, ತಮಗೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಕೆಲಸವಿದೆ ಎಂಬಂತೆ ನಡೆಯುತ್ತಿದ್ದರು. ರಾಯರು ಬಿಕ್ಕಳಿಸಲಿಲ್ಲವೆಂದರೆ ಹೇಳದೆ ಉಳಿದದ್ದು ಏನೂ ಇಲ್ಲ, ಬೆಲೆ ಇದ್ದಲ್ಲೇ. ಒಮ್ಮೆ ಬಿಕ್ಕಳಿಸಿದರೋ, ಹಿಂದಿದ್ದವರು ಪಂಚೆ ಎತ್ತಿಕಟ್ಟಿ ಗಾಣದ ಮನೆಗೆ ಓಡುತ್ತಿದ್ದರು. ಎಣ್ಣೆ ತೆಗೆಯುವುದು ನಿಂತ ಮೇಲೆ ಷೇರಿನ ವ್ಯಾಪಾರ ನಡೆಯುತ್ತಿದ್ದದ್ದು ಆ ಗಾಣದ ಮನೆಯಲ್ಲಿ.

ಹೀಗಿರುವಾಗ ಕಂಪನಿಯ ಭೂವಿಜ್ಞಾನಿ ಹುಡುಗಿ ವೈಜಯಂತಿ ಒಂದು ಬೆಳಿಗ್ಗೆ ಪೆಟ್ಟಿಗೆ ಸಮೇತ ಬಸ್ಸು ಹತ್ತಿದಳು. ಹಿಂದಿನ ಸಂಜೆ ರಾಯರ ಮನೆಗೆ ಹೋಗಿ ಬಂದಿದ್ದಳಂತೆ. ಬಸ್ಸು ಸೇತುವೆ ದಾಟುವವರೆಗೂ ಬಿಕ್ಕಳಿಸುತ್ತಲೇ ಇದ್ದಳೆಂದು ಕಂಡಕ್ಟರ್ ಬಂದು ಹೇಳಿದ. ಆ ದಿನದಿಂದ ರಾಯರಿಗೆ ಶುರುವಾಯಿತು. ಸಾಧಾರಣ ಬಿಕ್ಕಳಿಕೆಯಲ್ಲ, ಭುಜ ಹಾರುವಂಥದು, ಕೊಡೆ ನಡುಗುವಂಥದು. ಮಾತಿನ ಮಧ್ಯೆ, ಕ್ಷೌರದ ಮಧ್ಯೆ, ದೇವರ ಮುಂದೆ ಕಣ್ಣು ಮುಚ್ಚಿದಾಗ ಕೂಡ. ಊರಿನಲ್ಲಿ ಹಬ್ಬದ ವಾತಾವರಣವಾಯಿತು.

ಇದರ ಜೊತೆಗೇ ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ನಾನೇ ಓದಿದ್ದೆ. ಹಿಂದೊಂದು ಶುಕ್ರವಾರ ಕಂಪನಿ ತನ್ನ ಅಧ್ಯಕ್ಷರಿಗೆ ದೊಡ್ಡದೊಂದು ಷೇರಿನ ಗಂಟನ್ನು ಹೆಸರಿಗೆ ಮಾತ್ರ ಕೊಟ್ಟಿತ್ತು. ಮೂರು ವರ್ಷ ಕುರ್ಚಿ ಬಿಡದೆ ಕೂತಿದ್ದರೆ ಅದು ಕೈವಶವಾಗುತ್ತದೆ; ಆಮೇಲೆ ಮಾರಿಕೊಳ್ಳಬಹುದು. ಆ ಮೂರು ವರ್ಷ ಈ ಆಷಾಢದ ಕೊನೆಯ ಶುಕ್ರವಾರಕ್ಕೆ ತುಂಬುತ್ತಿತ್ತು.

ಊಟಕ್ಕೆ ಕೂತಾಗ ನಾನಿದನ್ನು ಸಿದ್ದಗಂಗಮ್ಮನವರಿಗೆ ವಿವರಿಸಿದ್ದೆ. ಬೋಳುಗುಡ್ಡದ ಬುಡದಲ್ಲಿ ಅವರ ಖಾನಾವಳಿ. ಕೊರೆಯುವ ಕೂಲಿಗಳು, ಒಂಟಿ ಮೇಷ್ಟರುಗಳು, ಸೈಕಲ್ ಅಂಗಡಿಯ ಚಾಂದ್‌ಪೀರ್, ಎಲ್ಲರೂ ಉಣ್ಣುವುದು ಅಲ್ಲಿಯೇ. ಹಿತ್ತಲಲ್ಲಿ ಒಂದು ಬಾವಿ. ಊರಿನ ಉಳಿದ ಬಾವಿಗಳ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಇದರ ನೀರಿನಲ್ಲಿ ಕುದಿ ಬಂದರೆ ಸಾಕು. ಅವರ ಸಾರಿನ ರುಚಿಯ ಅರ್ಧ ಆ ನೀರಿನದು.

"ಹೆಸರಿಗೆ ಕೊಟ್ರು, ಕೈಗೆ ಕೊಡ್ಲಿಲ್ಲ ಅಂದ್ರೇನು ಮೇಷ್ಟ್ರೇ?" ಎಂದು ಕೇಳಿದರು.

"ಮೂರು ವರ್ಷ ಕಾಯ್ಬೇಕು. ಕಾದ್ರೆ ಅವರದು."

"ಎದುರಿಗೆ ಎಲೆ ಹಾಕಿ, ಬಡಿಸಿ, ಈಗ ಮುಟ್ಬೇಡಿ ಅಂದಂಗಾಯ್ತು. ಮನುಷ್ಯ ಆ ಮೂರು ವರ್ಷ ಗುಡ್ಡ ನೋಡ್ತಾನೋ, ಎಲೆ ನೋಡ್ತಾನೋ?"

ಚಾಂದ್‌ಪೀರ್ ತಲೆ ಎತ್ತದೆ ಹೇಳಿದ: "ಎರಡೂ ಒಂದೇ ಆಗ್ಲಿ ಅಂತಾನೇ ಅಕ್ಕ ಹಂಗೆ ಕೊಡೋದು. ಗುಡ್ಡ ಬೆಳೆದ್ರೆ ಎಲೇನೂ ಬೆಳೀತದೆ."

"ಗುಡ್ಡ ಬೆಳೆಯೋದು ನಾನು ಕಂಡಿಲ್ಲಪ್ಪ. ಅನ್ನ ಹಾಕಿಸ್ಕೊ."

ಹೀಗೆ ಮಾತಾಡಿದವರ ಮನೆಬಾಗಿಲಿಗೇ ಕಂಪನಿ ಬಂತು. ಖಾನಾವಳಿಯ ಜಾಗ, ಬಾವಿ ಸಮೇತ, ತಮಗೆ ಬೇಕೆಂದಿತು. ಹಣ ಕೊಡುವುದಿಲ್ಲ, ಷೇರು ಕೊಡುತ್ತೇವೆ ಎಂದಿತು. ಅಲ್ಲಿ ಕೊರೆಯುತ್ತಾರೋ ಇಲ್ಲವೋ ಅದನ್ನು ಹೇಳಲಿಲ್ಲ. ಆದರೆ 'ಕಂಪನಿಯು ಗುಡ್ಡದ ಬುಡಕ್ಕೂ ತನ್ನ ಕ್ಷೇತ್ರವನ್ನು ವಿಸ್ತರಿಸಿದೆ' ಎಂಬ ವಾಕ್ಯ ಆಷಾಢದ ಕೊನೆಯ ಶುಕ್ರವಾರ ನನ್ನ ಬಾಯಿಂದ ಬಂದರೆ ಬೆಲೆ ಎಲ್ಲಿಗೆ ಹೋಗುತ್ತದೆಂಬುದು ಗಾಣದ ಮನೆಯ ಎತ್ತಿಗೂ ಗೊತ್ತಿತ್ತು. ಆ ವಾಕ್ಯದಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಕಂಪನಿ ಎಂದೂ ಸುಳ್ಳು ಹೇಳಿದ್ದಿಲ್ಲ. ಅದರ ದಾಖಲೆ ಅಷ್ಟು ಶುಭ್ರ.

ಊರೆಲ್ಲ ಸಿದ್ದಗಂಗಮ್ಮನವರ ಅದೃಷ್ಟವನ್ನು ಹೊಗಳಿತು. ಅವರಿಗೆ ನಿದ್ದೆ ಬರಲಿಲ್ಲ. ಮೂಲೆಯಲ್ಲಿ ಎಲೆ ಒರೆಸುತ್ತಾ ನನ್ನನ್ನು ಕೇಳಿದರು: "ನೀವು ಓದಿದೋರು. ಕೊಡ್ಲೋ ಬೇಡ್ವೋ?"

"ರಾಯರ ಬಿಕ್ಕಳಿಕೆ ನೀವೂ ಕೇಳಿದ್ದೀರಿ. ಏನೋ ಇದೆ ಅನ್ನೋದಂತೂ ನಿಜ," ಎಂದೆ.

"ಅದು ನಿಜ. ನಮ್ಮೂರಲ್ಲಿ ಗಂಟಲು ಸುಳ್ಳು ಹೇಳಲ್ಲ." ಬಾವಿಯ ಕಡೆ ಕೈ ತೋರಿಸಿದರು. "ನಮ್ಮ ಯಜಮಾನ್ರು ಹೋದಾಗ ಈ ನೀರೇ ಮೇಷ್ಟ್ರೇ ನನ್ನ ಕೈ ಹಿಡಿದಿದ್ದು. ಇಷ್ಟು ಜನಕ್ಕೆ ಬೇರೆ ಎಲ್ಲಿ ನಿಂತು ಬೇಯಿಸ್ಲಿ? ಬೇಯಿಸೋದು ಬಿಟ್ರೆ ನಂಗೇನು ಗೊತ್ತು?"

"ಷೇರು ಏರಿದರೆ ಬೇಯಿಸೋ ಅಗತ್ಯವೇ ಇರಲ್ಲ ಅಂತಾರೆ."

"ಬೇಯಿಸ್ದೇ ಬೆಳಿಗ್ಗೆ ಎದ್ದು ಏನ್ ಮಾಡೋದು?" ಎಂದರು. ಇದರ ಉತ್ತರವನ್ನು ನಿವೃತ್ತನಾದ ದಿನದಿಂದ ನಾನೂ ಹುಡುಕುತ್ತಿದ್ದೇನೆ.

ಕೊನೆಗೆ ಒಪ್ಪಿದರು. ಊರಿಗೆ ಊರೇ ಒಪ್ಪಿಸಿತು ಎನ್ನಬೇಕು. ನೀವು ಬೇಡ ಎಂದರೆ ಬೆಲೆ ಇಳಿಯುತ್ತದೆ, ನಿಮ್ಮ ಕೈಯಲ್ಲಿ ಉಂಡವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂದು ಉಂಡವರೇ ಹೇಳಿದರು. ಸಿದ್ದಗಂಗಮ್ಮನವರದು ಒಂದೇ ಷರತ್ತು: ರುಜು ಮಾಡುವ ಮೊದಲು ಆ ಒಲೆಯ ಮೇಲೆ ಕೊನೆಯ ಅಡುಗೆ ಮಾಡಿ ಎಲ್ಲರಿಗೂ ಬಡಿಸಬೇಕು, ರಾಯರೂ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಆಷಾಢದ ಕೊನೆಯ ಗುರುವಾರ ಎಂದು ನಿಶ್ಚಯವಾಯಿತು. ಮರುದಿನವೇ ರಾಯರ ಷೇರು ಕೈವಶ.

ಗುರುವಾರ ಮಧ್ಯಾಹ್ನ ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ರಾಯರು, ಬಲಕ್ಕೆ ಪ್ರಕಟಣಾ ಮಂಡಳಿಯ ನಿಗಾ ಅಧಿಕಾರಿ ಓಂಕಾರಪ್ಪನವರು, ಎಡಕ್ಕೆ ನಾನು, ಎದುರಿನ ಸಾಲಿನಲ್ಲಿ ಚಾಂದ್‌ಪೀರ್. ರುಜುವಿನ ಕಾಗದ ಉಪ್ಪಿನ ಜಾಡಿಯ ಕೆಳಗೆ ಗಾಳಿಗೆ ಹಾರದಂತೆ ಇತ್ತು. ಹೀರೇಕಾಯಿ ಪಲ್ಯ, ಕೋಸಂಬರಿ, ಅನ್ನ, ಸಾರು ಬಂದವು. ರಾಯರು ತುತ್ತು ಎತ್ತಿದರು. ಬಾಯಿಯ ಹತ್ತಿರ ಬಂದಾಗ ಭುಜ ಹಾರಿತು, ತುತ್ತು ಎಲೆಗೆ ಬಿತ್ತು. ಪಂಕ್ತಿಯಲ್ಲಿ ಸಂತೋಷದ ಗುಸುಗುಸು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಬಿತ್ತು. ಹತ್ತಿರದಿಂದ ನೋಡಿದಾಗ ಮನುಷ್ಯ ಸೊರಗಿದ್ದರು. ಜುಬ್ಬಾದ ಕೊರಳಪಟ್ಟಿಯಲ್ಲಿ ಎರಡು ಬೆರಳು ಆಡುವಷ್ಟು ಜಾಗವಿತ್ತು. ಊರಿಗೆ ಊರೇ ಅವರ ಗಂಟಲನ್ನು ಕೇಳಿಸಿಕೊಂಡಿತ್ತು, ಮುಖವನ್ನು ಯಾರೂ ನೋಡಿರಲಿಲ್ಲ.

ಸೌಟು ಹಿಡಿದು ಬಂದ ಸಿದ್ದಗಂಗಮ್ಮ ನೋಡಿದ್ದು ಮುಖವನ್ನು. ಅವರ ಎಲೆಯ ಮುಂದಿನಿಂದ ಹಸಿದು ಎದ್ದವರಿಲ್ಲ. ಮಣೆ ಎಳೆದುಕೊಂಡು ರಾಯರ ಎದುರಿಗೇ ಕೂತರು.

"ಉಪ್ಪು ಜಾಸ್ತಿ ಆಗಿದೆ ಅಂತ ಹೇಳೋಕೆ ಸಂಕೋಚನಾ ರಾಯ್ರೇ?"

ರಾಯರು ಬಿಕ್ಕಳಿಸಿದರು.

"ಮನೇಲಿ ಅಮ್ಮಾವ್ರಿಗೆ ಗೊತ್ತಾಗ್ದಂಗೆ ಏನಾದ್ರೂ ತಿಂದ್ರಾ? ಸಕ್ಕರೆ ಕಾಯಿಲೆ ಅಂತಾರೆ ನಿಮಗೆ."

ಮತ್ತೆ ಬಿಕ್ಕಳಿಕೆ. ಓಂಕಾರಪ್ಪನವರು ಎಡಗೈ ಎತ್ತಿದರು. "ಗಂಗಮ್ಮನೋರೇ, ಇದು ಊಹೆ. ಅಧಿಕಾರಿಗಳ ಎದುರಿಗೆ ಊಹೆ ಮಾಡೋ ಹಾಗಿಲ್ಲ."

"ಕಂಪನಿ ವಿಷ್ಯ ನಾನೇನು ಕೇಳ್ದೆ ಸ್ವಾಮಿ? ಸಾರಿನ ವಿಷ್ಯ ಕೇಳ್ದೆ. ಸಾರೂ ಕಂಪನೀದೇ ಆಯ್ತಾ ಆಗ್ಲೇ?"

ಪಂಕ್ತಿ ನಕ್ಕಿತು. ಆ ನಗೆಯ ಮರೆಯಲ್ಲಿ ಚಾಂದ್‌ಪೀರ್ ಬಾಯಿ ತಡೆಯಲಾರದೆ ಕೇಳಿಬಿಟ್ಟ: "ತಾಮ್ರನಾ ರಾಯ್ರೇ?"

ಎಲ್ಲರ ಕೈ ನಿಂತಿತು. ಓಂಕಾರಪ್ಪನವರು ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಅವರ ಹೆಂಡತಿಯ ಹೆಸರಿನಲ್ಲೂ ಒಂದಿಷ್ಟು ಷೇರುಗಳಿದ್ದವು. ರಾಯರು ಬಿಕ್ಕಳಿಸಿದರು. ತಾಮ್ರ ಅಲ್ಲ. ಕ್ಷಣಹೊತ್ತು ಮಂಕಾದ ಪಂಕ್ತಿಗೆ ಮರುಕ್ಷಣ ಹೊಳೆಯಿತು: ತಾಮ್ರ ಅಲ್ಲದಿದ್ದರೆ ಅದಕ್ಕಿಂತ ದೊಡ್ಡದು.

"ಬೆಳ್ಳಿ?" ಎಂದಿತು ಮೂಲೆಯ ಒಂದು ದನಿ. ಬಿಕ್ಕಳಿಕೆ.

"ಚಿನ್ನ?" ಬಿಕ್ಕಳಿಕೆ. ಯಾರೋ ನಿಟ್ಟುಸಿರುಬಿಟ್ಟು ಗೋಡೆಗೆ ಒರಗಿದರು. ಚಿನ್ನಕ್ಕಿಂತ ದೊಡ್ಡದೇ ಇರಬೇಕು.

"ವಜ್ರ?" ಎಂದ ಚಾಂದ್‌ಪೀರ್. ರಾಯರು ಬಿಕ್ಕಳಿಸಿದ ರಭಸಕ್ಕೆ ಲೋಟ ಉರುಳಿತು. ವಜ್ರವೂ ಅಲ್ಲ. ಪಂಕ್ತಿಯಲ್ಲಿ ಕೆಲವರ ಕಣ್ಣುಗಳು ಒದ್ದೆಯಾಗಿದ್ದವು. ವಜ್ರವನ್ನೂ ಮೀರಿದ್ದು ಏನೆಂದು ಹೇಳಲು ಅವರಿಗೆ ಪದ ಗೊತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗರಂತೆ ನನ್ನ ಕಡೆ ನೋಡಿದರು.

ಸಿದ್ದಗಂಗಮ್ಮನವರು ಉರುಳಿದ ಲೋಟ ಎತ್ತಿ ನಿಲ್ಲಿಸಿ, ಸೆರಗಿನಿಂದ ನೀರು ಒರೆಸಿದರು. ಜ್ವರ ಬಂದ ಮಗುವನ್ನು ನೋಡುವಂತೆ ರಾಯರನ್ನು ನೋಡಿದರು.

"ಹಂಗಾದ್ರೆ ಏನೂ ಇಲ್ವೇನೋ ಪಾಪ," ಎಂದರು.

ಬಿಕ್ಕಳಿಕೆ ನಿಂತಿತು.

ಒಲೆಯ ಮೇಲೆ ಸಾರು ಕುದಿಯುವುದು ಕೇಳಿಸಿತು. ಎಲ್ಲರೂ ರಾಯರ ಭುಜವನ್ನೇ ನೋಡುತ್ತಿದ್ದೆವು. ಇನ್ನೊಮ್ಮೆ, ಒಂದೇ ಒಂದು ಸಲ ಹಾರಲಿ ಎಂದು ಆ ಪಂಕ್ತಿ ಪ್ರಾರ್ಥಿಸಿದಂತೆ ಊರಿನ ಯಾವ ಗುಡಿಯಲ್ಲೂ ಯಾರೂ ಪ್ರಾರ್ಥಿಸಿರಲಾರರು. ಹಾರಲಿಲ್ಲ. ಆಗ ನನಗೆ ಅರ್ಥವಾಯಿತು. ನಮ್ಮ ಊರಿನ ಗಂಟಲು ಸುಳ್ಳು ಹೇಳಿರಲಿಲ್ಲ. ಏನೋ ಇಟ್ಟುಕೊಂಡಿದ್ದಾರೆ ಎಂದಷ್ಟೇ ಅದು ಹೇಳಿತ್ತು. ಆ ಏನೋ ಒಳ್ಳೆಯದೇ ಎಂದು ಸೇರಿಸಿಕೊಂಡವರು ನಾವು. ಹೊಸದಾಗಿ ಮದುವೆಯಾದ ಹುಡುಗಿ ಬಿಕ್ಕಳಿಸಿದರೆ ಬಸುರಿ ಎಂದು ಮನಸ್ಸಿನಲ್ಲೇ ಎಂದುಕೊಳ್ಳುತ್ತೇವೆ. ಅತ್ತೆಮನೆಯಲ್ಲಿ ಊಟ ಹಾಕುತ್ತಿಲ್ಲ ಎಂದು ಎಂದೂ ಅಂದುಕೊಂಡವರಲ್ಲ.

ರಾಯರು ಒಂದು ದೀರ್ಘ ಉಸಿರು ಎಳೆದುಕೊಂಡರು. ತಿಂಗಳುಗಳಲ್ಲಿ ಮೊದಲ ಸಲ ಅವರಿಂದ ಒಂದು ಮಾತು ತುಂಡಾಗದೆ ಬಂತು: "ಸ್ವಲ್ಪ ಸಾರು ಬಿಡಿ ತಾಯಿ."

ಬಡಿಸಿದರು. ಅವರು ಉಂಡರು. ಎರಡನೆಯ ಸಲ ಅನ್ನ ಹಾಕಿಸಿಕೊಂಡು, ಮೂರನೆಯ ಸಲ ಮಜ್ಜಿಗೆಗೆ ಕಲಸಿಕೊಂಡು, ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ಗಾಣದ ಮನೆಯ ಕಡೆ ಮಾರಲು ಓಡುತ್ತಿದ್ದಾಗ ತಲೆ ತಗ್ಗಿಸಿ ಶಾಂತವಾಗಿ ಉಂಡರು. ದಿವಾಳಿಯಾಗಿ ಅಷ್ಟು ಸುಖವಾಗಿ ಉಣ್ಣುವವರನ್ನು ನಾನು ಕಂಡಿಲ್ಲ.

"ಮತ್ತೆ ರುಜು?" ಎಂದು ಓಂಕಾರಪ್ಪನವರು ಕ್ಷೀಣವಾಗಿ ಕೇಳಿದರು.

ಸಿದ್ದಗಂಗಮ್ಮನವರು ಉಪ್ಪಿನ ಜಾಡಿ ಎತ್ತಿ, ಅದರ ಕೆಳಗಿನ ಕಾಗದವನ್ನು ಮಡಚಿ ಅವರ ಕೈಗಿಟ್ಟರು. "ಜಾಡಿ ನಂದು. ಕಾಗದ ನಿಮ್ದು," ಎಂದು ಹೇಳಿ ಬಾವಿಯ ಕಡೆ ಕೊಡ ತೆಗೆದುಕೊಂಡು ಹೋದರು. ಅರ್ಧ ಪಂಕ್ತಿ ಕೈ ತೊಳೆಯದೆ ಓಡಿಹೋಗಿತ್ತು. ಉಳಿದವರಿಗಾದರೂ ನೀರು ಬೇಕಿತ್ತು.

ಮರುದಿನ ಕಟ್ಟೆಯ ಮೇಲೆ ನಾನು ಓದಿದ್ದನ್ನು ಇಲ್ಲಿ ಹೇಳಲೇಬೇಕು. 'ಅಧ್ಯಕ್ಷರ ಹೆಸರಿನಲ್ಲಿದ್ದ ಷೇರುಗಳು ಇಂದು ನಿಯಮಾನುಸಾರ ಕೈವಶವಾಗಿವೆ. ಕಂಪನಿಯ ಭವಿಷ್ಯದಲ್ಲಿ ಅಚಲ ವಿಶ್ವಾಸವುಳ್ಳ ಅಧ್ಯಕ್ಷರು ಅವುಗಳಲ್ಲಿ ಒಂದನ್ನೂ ಮಾರಿರುವುದಿಲ್ಲ. ಅವರ ಆರೋಗ್ಯ ಗಣನೀಯವಾಗಿ ಸುಧಾರಿಸಿದೆ.' ಒಂದಕ್ಷರವೂ ಸುಳ್ಳಲ್ಲ. ಕೊಳ್ಳುವವರೇ ಇಲ್ಲದಿದ್ದರೆ ವಿಶ್ವಾಸ ಎಷ್ಟು ಅಚಲವಾಗಿ ಉಳಿಯುತ್ತದೆ ಎಂಬುದನ್ನು ನಾನು ಅಂದು ಕಲಿತೆ. ಎರಡು ಶುಕ್ರವಾರ ಕಳೆದ ಮೇಲೆ ಇನ್ನೊಂದು ಓದಿದೆ: ಹಳೆಯ ಷೇರುಗಳಿಗೆ ಬೆಲೆ ಇಲ್ಲದಿರುವುದರಿಂದ ಅಧ್ಯಕ್ಷರ ಉತ್ಸಾಹ ಕುಗ್ಗದಿರಲೆಂದು ಅವರ ಹೆಸರಿಗೆ ಹೊಸ ಗಂಟೊಂದನ್ನು ಕೊಡಲಾಗಿದೆ, ಮೂರು ವರ್ಷದ ಮೇಲೆ ಕೈವಶ.

ಶಿಕ್ಷೆಯಾದದ್ದು ಸಿದ್ದಗಂಗಮ್ಮನವರಿಗೆ. ಪ್ರಕಟಣಾ ಮಂಡಳಿ ವಿಚಾರಣೆ ನಡೆಸಿತು. ಚಾಂದ್‌ಪೀರ್ ಮತ್ತಿತರರನ್ನು ಬಿಟ್ಟುಬಿಟ್ಟರು. ತಪ್ಪಾಗಿ ಊಹಿಸುವುದು ಅಪರಾಧವಲ್ಲ, ಅದನ್ನು ಹೂಡಿಕೆ ಎನ್ನುತ್ತಾರೆ. ಸರಿಯಾಗಿ ಊಹಿಸಿದವರು ಸಿದ್ದಗಂಗಮ್ಮನವರೊಬ್ಬರೇ. ಮೂರು ವರ್ಷ ಯಾವ ಕಂಪನಿಯ ಷೇರನ್ನೂ ಕೊಳ್ಳಕೂಡದು ಎಂದು ತೀರ್ಪಾಯಿತು. ಅದನ್ನೂ ನಾನೇ ಓದಿದೆ. ಊಟಕ್ಕೆ ಹೋದಾಗ ಮುಖ ತಗ್ಗಿಸಿಕೊಂಡು ಕೂತಿದ್ದೆ.

"ಅನ್ನ ಬೇಯಿಸೋಕೆ ಅಡ್ಡಿ ಇಲ್ಲ ತಾನೆ?" ಎಂದು ಕೇಳಿದರು.

"ಅದರ ಬಗ್ಗೆ ಏನೂ ಹೇಳಿಲ್ಲ."

"ಮತ್ಯಾಕೆ ಮೇಷ್ಟ್ರೇ ಸತ್ತೋರ ಮನೇಲಿ ಕೂತಂಗೆ ಕೂತಿದೀರಿ? ಪಲ್ಯ ಹಾಕ್ಲಾ?"

ರಾಯರು ಈಗ ದಿನವೂ ಅಲ್ಲಿಯೇ ಉಣ್ಣುತ್ತಾರೆ, ಗೋಡೆಯ ಪಕ್ಕದ ಜಾಗ ಅವರದು. ಮೈ ತುಂಬಿಕೊಂಡಿದೆ. ಗುಡ್ಡದ ಮಾತು ಯಾರೂ ಎತ್ತುವುದಿಲ್ಲ. ಕಳೆದ ಸೋಮವಾರ ಗೊಜ್ಜಿಗೆ ಹೊಸ ಮೆಣಸಿನಕಾಯಿ ಬಿದ್ದಿತ್ತು. ರಾಯರು ಒಂದು ತುತ್ತು ನುಂಗಿ, ಕಣ್ಣು ಕೆಂಪಗೆ ಮಾಡಿಕೊಂಡು, ಬಿಕ್ಕಳಿಸಿದರು.

ಪಂಕ್ತಿಯಲ್ಲಿ ತುತ್ತು ಹಿಡಿದ ಕೈಗಳು ಹಿಡಿದಲ್ಲೇ ನಿಂತವು.

"ಖಾರ ಕಣ್ರೋ," ಎಂದರು ಸಿದ್ದಗಂಗಮ್ಮ, ನೀರಿನ ಚೊಂಬು ರಾಯರ ಮುಂದಿಡುತ್ತಾ. ರಾಯರು ಕುಡಿದರು. ನಿಂತಿತು. ನಾನು ತಿರುಗಿ ನೋಡುವಷ್ಟರಲ್ಲಿ ಚಾಂದ್‌ಪೀರನ ಎಲೆಯ ಮುಂದೆ ಚಾಂದ್‌ಪೀರ್ ಇರಲಿಲ್ಲ. ಅವನ ಪಕ್ಕದ ಮೂರು ಎಲೆಗಳ ಮುಂದೆಯೂ ಯಾರೂ ಇರಲಿಲ್ಲ, ಅನ್ನದಿಂದ ಹಬೆ ಮಾತ್ರ ಏಳುತ್ತಿತ್ತು.